ಹನ್ನೊಂದನೇ ತಟ್ಟೆ

ಜೂನ್ 9

ಪುಟ್ಟೀ,

ನಾವು ಮನೆ ತಲುಪಿದೆವು. ನಿಮ್ಮೂರಿನ ಆಸ್ಪತ್ರೆಯಲ್ಲಿ ಹಾಕಿಸಿಕೊಂಡ ಹೊಸ ಸೊಂಟವೂ ನನ್ನ ಜೊತೆಗೇ ತಲುಪಿತು. ದಾರಿಯುದ್ದಕ್ಕೂ ನಿಮ್ಮಪ್ಪ ಟ್ಯಾಕ್ಸಿಯವನಿಗೆ "ಮುಂದೆ ಗುಂಡಿ ಇದೆ, ನಿಧಾನ" ಎಂದು ಹೇಳಿ ಹೇಳಿ ಅವನ ಪ್ರಾಣ ತಿಂದರು. ಜೀವಮಾನವಿಡೀ ಬಸ್ಸು ಓಡಿಸಿದ ಮನುಷ್ಯನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರೆ ಹೀಗೇ. ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ನಿನ್ನೆ ನೀನು ಫೋನ್ ಮಾಡಿದೆಯಲ್ಲ, ಅಪ್ಪ ಅದನ್ನು ನನ್ನ ಕಿವಿಗೆ ಹಿಡಿದರು. ನನಗೆ ಕೇಳಿಸಿದ್ದು ಬರೀ ಗುಂಯ್ ಎನ್ನುವ ಸದ್ದು. ಎಂಜಿನ್ನಿನ ಗದ್ದಲದಲ್ಲಿ, ಬಾಯಲ್ಲಿ ಸೀಟಿ ಕಚ್ಚಿಕೊಂಡು ಟಿಕೆಟ್ ಹರಿದವಳ ಕಿವಿ ಇದು, ಈಗ ಮುಷ್ಕರ ಹೂಡಿದೆ. ಕಿವಿಗೆ ಹಾಕುವ ಯಂತ್ರದ ಮಾತೆತ್ತಬೇಡ. ಹಾಕಿಕೊಂಡರೆ ಪಕ್ಕದ ಮನೆಯ ಮಿಕ್ಸಿ ಕೇಳಿಸುತ್ತದೆ, ಮಗಳ ಮಾತು ಕೇಳಿಸುವುದಿಲ್ಲ. ಅದಕ್ಕೇ ಹೇಳುತ್ತೇನೆ, ಮೊದಲಿನ ಹಾಗೆ ಕಾಗದ ಬರೆ.

ಹಳೇ ಸೀಟಿ ಈಗ ಮತ್ತೆ ಕೆಲಸಕ್ಕೆ ಬಂದಿದೆ. ಹಾಸಿಗೆಯಿಂದ ಒಂದು ಸಲ ಊದಿದರೆ ನಿಮ್ಮಪ್ಪ ಎಲ್ಲಿದ್ದರೂ ನಿಲ್ಲಬೇಕು, ಎರಡು ಸಲ ಊದಿದರೆ ಹೊರಟು ಬರಬೇಕು. ಬಸ್ಸಿನಲ್ಲೂ ಹೀಗೇ ಇತ್ತಲ್ಲ. ನನ್ನ ಎರಡು ಸೀಟಿ ಕೇಳದೆ ಗಾಡಿಯನ್ನು ಒಂದಡಿ ಕದಲಿಸಿದವರಲ್ಲ ಅವರು. ಡಿಪೋದಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು, ಮದುವೆಯಾದ ಮೇಲೂ ಕಂಡಕ್ಟರಮ್ಮನೇ ಗಾಡಿ ಓಡಿಸೋದು ಅಂತ.

ಅದಿರಲಿ. ಡಾಕ್ಟರು ಕತ್ತರಿಸಿ ತೆಗೆದ ನನ್ನ ಮೂಳೆಯ ಉಂಡೆ ನಿಮ್ಮ ಲ್ಯಾಬಿಗೇ ಬಂತಂತೆ? ನರ್ಸು ಕೇಳಿದಳು, ಹೇಗೂ ಬಿಸಾಡುವುದು, ಸಂಶೋಧನೆಗೆ ಕೊಡುತ್ತೀರಾ ಎಂದು. ಸಹಿ ಹಾಕಿದೆ. ಎಷ್ಟು ಮಕ್ಕಳು ಎಂದಳು. ಒಬ್ಬಳೇ, ಅವಳೂ ನಿಮ್ಮ ಹಿಂದಿನ ಕಟ್ಟಡದಲ್ಲೇ ಇದ್ದಾಳೆ ಎಂದೆ. ನಿಮ್ಮಪ್ಪ ಕಿಟಕಿಯಾಚೆ ಏನನ್ನೋ ನೋಡುತ್ತಿದ್ದರು. ಆ ಮೂಳೆಯಿಂದ ಏನು ಮಾಡುತ್ತೀಯ, ನನಗೆ ಅರ್ಥವಾಗುವ ಹಾಗೆ ಬರೆ.

ಊಟ ತಪ್ಪಿಸಬೇಡ.

ನಿನ್ನ ಅಮ್ಮ


ಜೂನ್ 21

ಅಮ್ಮಾ,

ಯಾರ ಮೂಳೆ ಎಂದು ನಮಗೆ ಗೊತ್ತಾಗಬಾರದು, ಡಬ್ಬಿಯ ಮೇಲೆ ನಂಬರು, ವಯಸ್ಸು, ಹೆಣ್ಣೋ ಗಂಡೋ ಎನ್ನುವುದು, ಅಷ್ಟೇ ಇರುತ್ತದೆ. ಆದರೆ ಆ ದಿನ ಸೊಂಟದ ಆಪರೇಷನ್ ಆಗಿದ್ದು ನಿನ್ನೊಬ್ಬಳಿಗೇ. ಡಬ್ಬಿ ಕೈಗೆ ಬಂದಾಗ ನಗು ತಡೆಯಲು ತುಟಿ ಕಚ್ಚಿಕೊಂಡೆ. ಇಷ್ಟು ವರ್ಷ ನೀನು ನನ್ನ ತಲೆ ತಿಂದೆ, ಈಗ ನಿನ್ನ ಮೂಳೆ ನನ್ನ ಕೈಯಲ್ಲಿದೆ.

ಅರ್ಥವಾಗುವ ಹಾಗೆ ಹೇಳುತ್ತೇನೆ ಕೇಳು. ಮೂಳೆಯೊಳಗಿನ ಮಜ್ಜೆಯಲ್ಲಿ ಜೀವಕೋಶಗಳು ಬೇಕಾದಷ್ಟಿವೆ. ಆ ಜನಜಂಗುಳಿಯಲ್ಲಿ ಕಾಂಡಕೋಶ ಎನ್ನುವವು ಬೆರಳೆಣಿಕೆಯಷ್ಟು. ಅವು ಇನ್ನೂ ಏನೂ ಆಗಿಲ್ಲ. ಮುಂದೆ ಮೂಳೆಯಾಗಬಹುದು, ಕೀಲುಗಳ ಮೆತ್ತನೆ ಮೂಳೆಯಾಗಬಹುದು, ಕೊಬ್ಬಾಗಬಹುದು. ಅವನ್ನು ಆರಿಸಿ ತೆಗೆದು ಬೆಳೆಸಿದರೆ ನಾಳೆ ನಿನ್ನಂಥವರಿಗೆ ಸೊಂಟ ಕತ್ತರಿಸುವ ಕೆಲಸವೇ ಇರುವುದಿಲ್ಲ. ತೊಂದರೆ ಎಂದರೆ ಅವಕ್ಕೆ ಬಹಳ ನಖರಾ. ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಬಿಟ್ಟರೆ ತಮ್ಮ ಗುಣವನ್ನೇ ಮರೆತುಬಿಡುತ್ತವೆ. ಅದಕ್ಕೇ ನಾನು ಗಾಜಿನ ತಟ್ಟೆಯ ತಳಕ್ಕೆ ಒಂದು ತೆಳು ಪದರ ಬಳಿಯುತ್ತೇನೆ. ಮಜ್ಜೆಯಷ್ಟೇ ಮೆತ್ತಗಿನ ಪದರ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನಡುಗಡ್ಡೆಗಳನ್ನು ಅಚ್ಚು ಹಾಕುತ್ತೇನೆ, ಒಂದೊಂದರಲ್ಲೂ ಒಂದೇ ಕೋಶಕ್ಕೆ ಜಾಗ. ನನಗೆ ಬೇಕಾದ ಕೋಶವನ್ನು ಮಾತ್ರ ಅದು ಹಿಡಿದುಕೊಳ್ಳುತ್ತದೆ, ಉಳಿದವು ತೊಳೆದರೆ ಹೋಗುತ್ತವೆ. ನಿನ್ನ ಭಾಷೆಯಲ್ಲಿ ಹೇಳಬೇಕೆಂದರೆ ಟಿಕೆಟ್ ಇದ್ದವರಿಗಷ್ಟೇ ಸೀಟು. ಕೂತ ಕೋಶ ಅಲ್ಲೇ ಒಂದು ಎರಡಾಗಿ, ಎರಡು ನಾಲ್ಕಾಗಿ ಸಂಸಾರ ಹೂಡುತ್ತದೆ.

ಇನ್ನೊಂದು ಗುಣ ಇದೆ, ಅದು ನನ್ನ ಹೆಮ್ಮೆ. ನಮ್ಮ ಮೈಯಷ್ಟು ಬೆಚ್ಚಗಿರುವವರೆಗೆ ಆ ಪದರ ಕೋಶಗಳನ್ನು ಹಿಡಿದುಕೊಂಡಿರುತ್ತದೆ. ತಣ್ಣಗೆ ಮಾಡಿದರೆ ತಾನಾಗಿ ಬಿಟ್ಟುಕೊಡುತ್ತದೆ. ಕೆರೆಯಬೇಕಾಗಿಲ್ಲ, ಔಷಧ ಹಾಕಿ ಕೀಳಬೇಕಾಗಿಲ್ಲ. ಇಡೀ ಸಂಸಾರ ಒಂದು ಹಾಳೆಯ ಹಾಗೆ ಮೇಲೆದ್ದು ತೇಲುತ್ತದೆ.

ನಿನ್ನ ಮಜ್ಜೆಯನ್ನು ಹನ್ನೆರಡು ತಟ್ಟೆಗಳಿಗೆ ಹಾಕಿದ್ದೇವೆ. ಅವುಗಳ ಊಟ ಉಪಚಾರ ನೋಡಿಕೊಳ್ಳುವವರು ನಮ್ಮ ಗಡಿಬಿಡಿ. ನಿನಗೆ ಹೇಳಿದ್ದೆನಲ್ಲ, ನಮ್ಮ ಲ್ಯಾಬಿನ ಹಳೇ ಟೆಕ್ನೀಷಿಯನ್‌ಗೆ ನಾವಿಟ್ಟ ಹೆಸರು. ನಡೆಯುವುದು ಓಟ, ಮಾತು ಮೇಲ್ ರೈಲು, ಟೀ ಕುಡಿದರೆ ಅರ್ಧ ಅಂಗಿಗೆ. ನಾನು ಈ ಕೆಲಸ ಕಲಿತದ್ದೇ ಅವರ ಹತ್ತಿರ. ನಿನ್ನ ಕೋಶಗಳನ್ನು ನೋಡಿ ಅವರು ಹೇಳಿದ್ದು, "ಈ ಅಜ್ಜಿ ಭಲೇ ಗಟ್ಟಿಗಿತ್ತಿ ಇರಬೇಕು ಮೇಡಂ, ಇಲ್ಲೂ ಜಗಳ ಮಾಡ್ಕೊಂಡು ಸೀಟು ಹಿಡಿದಿದ್ದಾರೆ."

ಯಾರ ಕೋಶ ಎಂದು ನಾನು ಬಾಯಿ ಬಿಡಲಿಲ್ಲ.

ನಿನ್ನ ಪುಟ್ಟಿ


ಜುಲೈ 18

ಅಮ್ಮಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಬೈಯಬೇಡ. ನನ್ನ ಕೆಲಸ ಹಾಳಾಗಿದೆ. ಅದನ್ನು ಹಾಳು ಮಾಡಿದವರು ಯಾರು ಎಂದು ಗೊತ್ತಾದಾಗ ನಾನು ದಂಗಾಗಿಹೋದೆ.

ನಿನ್ನ ಕೋಶಗಳು ಸೊಗಸಾಗಿ ಬೆಳೆದಿದ್ದವು. ಇನ್ನು ಊರಿಗೆಲ್ಲ ಹೇಳಬಹುದು ಎನ್ನುವ ಮೊದಲು ಕೊನೆಯದಾಗಿ ಒಂದು ಪರೀಕ್ಷೆ ಇರುತ್ತದೆ. ಪ್ರತಿ ನಡುಗಡ್ಡೆಯಿಂದ ಒಂದಿಷ್ಟು ಕೋಶ ತೆಗೆದು ಬಣ್ಣ ಹಾಕಿ ನೋಡುತ್ತೇವೆ. ಅದು ಗಂಡಸಿನ ಕೋಶವಾಗಿದ್ದರೆ ಅದರೊಳಗೆ ಒಂದು ಹಸಿರು ಚುಕ್ಕೆ ಹೊಳೆಯುತ್ತದೆ. ಹೆಂಗಸಿನದಾದರೆ ಆ ಚುಕ್ಕೆ ಇರುವುದೇ ಇಲ್ಲ. ನಿನ್ನ ಉಳಿದೆಲ್ಲ ತಟ್ಟೆಗಳೂ ಸರಿಯಾಗಿದ್ದವು. ಹನ್ನೊಂದನೇ ತಟ್ಟೆಯ ಒಂದೇ ಒಂದು ನಡುಗಡ್ಡೆಯಲ್ಲಿ ಪ್ರತಿ ಕೋಶದಲ್ಲೂ ಹಸಿರು ಚುಕ್ಕೆ ಹೊಳೆಯುತ್ತಿತ್ತು. ನಾನು ಕಣ್ಣುಜ್ಜಿಕೊಂಡು ನೋಡಿದೆ. ಗಾಜು ಒರೆಸಿ ನೋಡಿದೆ. ನನ್ನ ಅಮ್ಮನ ತಟ್ಟೆಯಲ್ಲಿ ಯಾವನೋ ಗಂಡಸು ಕೂತಿದ್ದಾನೆ!

ನಮ್ಮ ದೊಡ್ಡ ಮೇಡಂ, ಅಂದರೆ ಲ್ಯಾಬಿನ ಮುಖ್ಯಸ್ಥೆ, ಗಾಬರಿ ಬೀಳುವ ಹೆಂಗಸಲ್ಲ. ಇದಕ್ಕೆ ಎರಡೇ ಕಾರಣ ಇರಬಹುದು ಎಂದರು. ಗಂಡುಮಗುವನ್ನು ಹೊತ್ತ ತಾಯಿಯ ಮೈಗೆ ಮಗುವಿನ ಕೆಲವು ಕೋಶಗಳು ದಾಟಿ ಬಂದು, ಮಜ್ಜೆಯಲ್ಲಿ ಬೇರುಬಿಟ್ಟು, ವರ್ಷಾನುಗಟ್ಟಲೆ ಉಳಿಯುವುದುಂಟು. ಇಲ್ಲವಾದರೆ ಯಾರೋ ಬೇರೆ ಮಾದರಿಯನ್ನು ಇದಕ್ಕೆ ಬೆರೆಸಿ ಎಡವಟ್ಟು ಮಾಡಿದ್ದಾರೆ. "ಈ ಮೂಳೆ ಕೊಟ್ಟವರಿಗೆ ಗಂಡುಮಕ್ಕಳಿದ್ದಾರಾ, ಆಸ್ಪತ್ರೆಯಿಂದ ತಿಳ್ಕೋಬೇಕು" ಎಂದರು. ಆಗ ನಾನು ನಿಯಮ ಮುರಿದು ಬಾಯಿ ಬಿಟ್ಟೆ. ತಿಳ್ಕೊಳ್ಳೋದು ಬೇಡ ಮೇಡಂ, ಅದು ನನ್ನ ಅಮ್ಮ, ನಾನೊಬ್ಬಳೇ ಮಗಳು ಎಂದೆ. ಅಲ್ಲಿಗೆ ಮೊದಲನೇ ಕಾರಣದ ಬಾಗಿಲು ಮುಚ್ಚಿತು.

ಉಳಿದದ್ದು ಗಡಿಬಿಡಿ. ಆ ವಾರ, ಕ್ರಿಮಿ ತಾಗದ ಹಾಗೆ ಕೆಲಸ ಮಾಡುವ ಅದೇ ಗಾಜಿನ ಪೆಟ್ಟಿಗೆಯೊಳಗೆ ಕೈ ಹಾಕಿ ಅವರು ಒಬ್ಬ ಯುವಕನ ಹಲ್ಲಿನ ಕೋಶಗಳನ್ನೂ ಬೆಳೆಸುತ್ತಿದ್ದರು. ಕೋಶಗಳನ್ನು ಹೀರಿ ಹಾಕುವ ಕೊಳವೆ, ಪಿಪೆಟ್, ಬದಲಾಯಿಸುವುದನ್ನು ಮರೆತಿದ್ದಾರೆ ಎಂದು ನಾನೇ ಎಲ್ಲರ ಮುಂದೆ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, ಎಂದೂ ಇಲ್ಲದಷ್ಟು ನಿಧಾನವಾಗಿ ಹೇಳಿದರು, "ಹೋಲಿಸಿ ನೋಡಿ ಮೇಡಂ. ಗಡಿಬಿಡಿ ನನ್ನ ಬಾಯಿಗೆ ಇದೆ, ಕೈಗೆ ಇಲ್ಲ."

ಹೋಲಿಸುವ ಅಗತ್ಯವೇ ಇಲ್ಲ ಎಂದೆ, ಅಮ್ಮಾ. ದಾನಿ ಯಾರು ಎಂದು ನನಗೆ ಗೊತ್ತಿರುವಾಗ ಇನ್ನೇನು ಹೋಲಿಸುವುದು? ಈಗ ಅವರನ್ನು ತಟ್ಟೆಗಳ ಕೋಣೆಗೆ ಬಿಡುತ್ತಿಲ್ಲ. ಕೆಳಗಡೆ ಬಾಟಲಿ ತೊಳೆಯುತ್ತಿದ್ದಾರೆ. ಮುಂದಿನ ತಿಂಗಳ ಕೊನೆಗೆ ವಿಚಾರಣೆ, ಆಮೇಲೆ ಮನೆಗೆ. ನಂಬಿದವರೇ ಹೀಗೆ ಮಾಡಿದರೆ ಏನು ಮಾಡುವುದು ಹೇಳು.

ಪುಟ್ಟಿ


ಆಗಸ್ಟ್ 2

ಅಮ್ಮಾ,

ಎರಡು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಅಪ್ಪನಿಗೆ ಫೋನ್ ಮಾಡಿದರೆ "ಚೆನ್ನಾಗಿದ್ದಾಳೆ, ಮಾತು ಕಡಿಮೆ ಮಾಡಿದ್ದಾಳೆ" ಎನ್ನುತ್ತಾರೆ. ನೀನು ಮಾತು ಕಡಿಮೆ ಮಾಡಿದ್ದೀಯ ಎಂದರೆ ನನಗೆ ಜ್ವರ ಬರುತ್ತದೆ. ಕಾಲು ಊದಿದೆಯಾ? ಹೊಲಿಗೆ ಬಿಚ್ಚಿದ ಜಾಗ ನೋಯುತ್ತಿದೆಯಾ? ಇಲ್ಲ, ನಿಯಮ ಮುರಿದು ನಿನ್ನ ಹೆಸರೆತ್ತಿದ್ದಕ್ಕೆ ಸಿಟ್ಟಾ? ಏನಿದ್ದರೂ ಬೈದು ಬರೆ.

ಪುಟ್ಟಿ


ಆಗಸ್ಟ್ 8

ಪುಟ್ಟೀ,

ಕಾಲು ಊದಿಲ್ಲ, ಸಿಟ್ಟೂ ಇಲ್ಲ. ನಿನ್ನ ಕಾಗದ ಓದಿ ಗರ ಬಡಿದವಳ ಹಾಗೆ ಕೂತುಬಿಟ್ಟೆ. ಎಷ್ಟು ಸಲ ಬರೆಯಲು ಕೂತೆನೋ, ಅಷ್ಟು ಸಲ ಹಾಳೆ ಮಡಚಿಟ್ಟೆ.

ಆ ಮನುಷ್ಯನನ್ನು ಮನೆಗೆ ಕಳಿಸಬೇಡಿ. ನೀನು ಅವರ ಮುಂದೆ ಹೇಳಿದ ಮಾತು ತಪ್ಪು. ನಿನಗೆ ಗೊತ್ತಿರಲಿಲ್ಲ, ನಿನ್ನದೇನೂ ತಪ್ಪಿಲ್ಲ. ಆದರೆ ಮಾತು ತಪ್ಪು. ನೀನು ನನ್ನ ಮೊದಲ ಮಗುವಲ್ಲ.

ನಿನಗಿಂತ ಎರಡು ವರ್ಷ ಮುಂಚೆ ಒಂದು ಹುಟ್ಟಿತು. ತಿಂಗಳು ತುಂಬುವವರೆಗೂ ನಾನು ಬಸ್ಸಿನಲ್ಲೇ ಇದ್ದೆ. ಹೊಟ್ಟೆ ಮುಂದೆ, ಟಿಕೆಟ್ ಚೀಲ ಪಕ್ಕಕ್ಕೆ. ಗಂಡೇ ಆಗುವುದು ಎಂದು ಇಡೀ ಡಿಪೋಗೆ ಡಂಗುರ ಸಾರಿದ್ದೆ. ಮರಿ ಡ್ರೈವರ್ ಬರ್ತಿದ್ದಾನೆ, ಇನ್ನು ನಿಮ್ಮ ಸೀಟು ಖಾಲಿ ಮಾಡಿ ಎಂದು ನಿಮ್ಮಪ್ಪನನ್ನು ರೇಗಿಸುತ್ತಿದ್ದೆ. ಅವರ ಹಳೇ ಯೂನಿಫಾರಂ ಕತ್ತರಿಸಿ ಅಂಗೈಯಷ್ಟು ಖಾಕಿ ಅಂಗಿ ಹೊಲಿದು, ಆಸ್ಪತ್ರೆಗೆ ಹೊರಡುವಾಗ ಚೀಲದಲ್ಲಿ ಇಟ್ಟುಕೊಂಡೆ. ಎರಡು ಜೇಬು, ಹಿತ್ತಾಳೆ ಗುಂಡಿ. ಏನು ಸಂಭ್ರಮ ಅಂತೀಯ.

ಹೆರಿಗೆ ಕಷ್ಟವಾಯಿತು. ಹೊಟ್ಟೆ ಕೊಯ್ಯಬೇಕು ಎಂದು ಮತ್ತು ಬರಿಸಿದರು. ಎಚ್ಚರವಾದಾಗ ನಿಮ್ಮಪ್ಪ ಮಂಚದ ಪಕ್ಕ ನಿಂತಿದ್ದರು. ಚಪ್ಪಲಿಗೆಲ್ಲ ಕೆಂಪು ಮಣ್ಣು. ಮಗು ಅಳಲೇ ಇಲ್ಲ, ಉಸಿರೇ ಇರಲಿಲ್ಲ ಎಂದರು. ಎಲ್ಲಿ ತೋರಿಸಿ ಎಂದೆ. ಮಣ್ಣು ಮಾಡಿ ಬಂದೆ ಎಂದರು. ಹೆಣ್ಣು ಎಂದರು.

ಹೆಣ್ಣು, ಪುಟ್ಟೀ. ಅದಕ್ಕೇ ಇಷ್ಟು ದಿನ ಬರೆಯದೆ ಒದ್ದಾಡಿದೆ. ನಾನು ಬಾಯಿ ಬಿಟ್ಟರೂ ನಿಮ್ಮ ಗಡಿಬಿಡಿಗೆ ಏನೂ ಪ್ರಯೋಜನವಿಲ್ಲ. ಹೆಣ್ಣುಮಗುವಿಗೆ ಆ ಹಸಿರು ಚುಕ್ಕೆ ಎಲ್ಲಿಂದ ಬಂತು? ಆದರೂ ನೀನು ನನ್ನ ಮೇಲೆ ಆಣೆ ಇಟ್ಟ ಹಾಗೆ ಹೇಳಿ ಒಬ್ಬರ ಅನ್ನ ಕಿತ್ತುಕೊಳ್ಳುತ್ತಿರುವಾಗ ನಾನು ಸುಮ್ಮನಿರುವುದು ಹೇಗೆ? ನಿನಗೆ ಎಲ್ಲ ಗೊತ್ತಿಲ್ಲ ಎಂದಾದರೂ ಗೊತ್ತಾಗಲಿ. ಹೋಲಿಸಿ ನೋಡಿ ಎಂದು ಅವರು ಕೇಳಿದರಲ್ಲ, ಅಷ್ಟು ಮಾಡು.

ಮನೆಗೆ ಬಂದ ಮೇಲೆ ಆ ಅಂಗಿ ಎಲ್ಲಿ ಎಂದು ಕೇಳಿದೆ. ಡಿಪೋದಲ್ಲಿ ಯಾರದೋ ಮಗುವಿಗೆ ಕೊಟ್ಟೆ ಎಂದರು. ಯಾರನ್ನ ಕೇಳಿ ಕೊಟ್ಟಿರಿ ಎಂದು ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಮಗುವಿಗೆ ಅಳಲಾರದ್ದನ್ನು ಅಂಗಿಗೆ ಅತ್ತೆ. ಆಮೇಲೆ ಇಬ್ಬರೂ ಆ ವಿಷಯಕ್ಕೆ ಬೀಗ ಹಾಕಿದೆವು.

ಆದರೆ ನಾನು ಅವಳನ್ನು ಬಿಟ್ಟಿರಲಿಲ್ಲ. ಗಂಡು ಗಂಡು ಎಂದು ಕುಣಿದು ಅವಳಿಗೆ ಒಂದು ಲಂಗವನ್ನೂ ಹೊಲಿಯಲಿಲ್ಲವಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಮನಸ್ಸಿನಲ್ಲೇ ಅವಳಿಗೆ ಚಿನ್ನಿ ಎಂದು ಹೆಸರಿಟ್ಟೆ. ನೀನು ಹುಟ್ಟಿದಾಗ ಅವಳೇ ತಿರುಗಿ ಬಂದಳು ಎಂದುಕೊಂಡೆ. ನಿನಗೆ ಜ್ವರ ಬಂದಾಗಲೆಲ್ಲ ಚಿನ್ನಿ ಚಿನ್ನಿ ಎನ್ನುತ್ತಿದ್ದೆನಲ್ಲ. ಯಾರಮ್ಮಾ ಅದು ಎಂದು ನೀನು ಕೇಳುತ್ತಿದ್ದೆ. ಅದು ನೀನೇ ಎಂದು ನಾನು ನಂಬಿದ್ದೆ.

ಅಪ್ಪನಿಗೆ ಇದನ್ನು ಬರೆದದ್ದು ಗೊತ್ತಿಲ್ಲ.

ಅಮ್ಮ


ಆಗಸ್ಟ್ 27

ಅಮ್ಮಾ,

ಕೂತುಕೊಂಡು ಓದು. ಅಪ್ಪ ಮನೆಯಲ್ಲಿದ್ದಾಗ ಓದು.

ನಿನ್ನ ಕಾಗದ ಹಿಡಿದುಕೊಂಡು ಮೆಟ್ಟಿಲ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ನನಗೆ ಒಬ್ಬಳು ಅಕ್ಕ ಇದ್ದಳು ಎನ್ನುವುದೇ ತಲೆಗೆ ಹೋಗಲಿಲ್ಲ. ಆಮೇಲೆ ದೊಡ್ಡ ಮೇಡಂ ಹತ್ತಿರ ಹೋಗಿ, ನನ್ನ ಮಾತು ತಪ್ಪಾಗಿತ್ತು, ಹೋಲಿಸಿಯೇ ನೋಡೋಣ ಎಂದೆ. ಹನ್ನೊಂದನೇ ತಟ್ಟೆಯ ಆ ನಡುಗಡ್ಡೆಯಿಂದ ಸ್ವಲ್ಪ ಕೋಶ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಿದೆವು. ಆ ಹಲ್ಲಿನ ಯುವಕನದನ್ನೂ ಕಳಿಸಿದೆವು. ಗಡಿಬಿಡಿ ತಾವಾಗಿ ಬಾಯಿ ತೆರೆದು, ಕೆನ್ನೆಯೊಳಗೆ ಹತ್ತಿ ಆಡಿಸಿಕೊಂಡು ಕೊಟ್ಟರು. ನಾನು ನನ್ನದನ್ನೂ ಕೊಟ್ಟೆ.

ಯುವಕನದಲ್ಲ. ಗಡಿಬಿಡಿಯದಲ್ಲ. ಅರ್ಧ ನಿನ್ನದು, ಅಮ್ಮಾ. ಉಳಿದರ್ಧವನ್ನು ನನ್ನದರ ಜೊತೆ ಹೋಲಿಸಿದರು. ನನ್ನ ಅಪ್ಪನೇ ಅವನ ಅಪ್ಪ.

ಅವನ, ಅಮ್ಮಾ. ಇದನ್ನು ಹೇಗೆ ಬರೆಯಬೇಕೋ ನನಗೆ ತಿಳಿಯುತ್ತಿಲ್ಲ. ನೀನು ಬೇರೆ ಯಾರನ್ನೂ ಹೊತ್ತಿಲ್ಲ ಎಂದಾದರೆ, ನೀನು ಹೆತ್ತದ್ದು ಹೆಣ್ಣಲ್ಲ. ಅದು ಗಂಡುಮಗು. ಅವನು ನಿನ್ನ ಹೊಟ್ಟೆಯಲ್ಲಿದ್ದಾಗ ಅವನ ಕೆಲವು ಕೋಶಗಳು ನಿನ್ನ ಮೂಳೆಗೆ ಬಂದು ಕೂತಿವೆ. ಇಷ್ಟು ವರ್ಷ ಅಲ್ಲೇ ಇದ್ದವು. ನೀನು ನಡೆದಲ್ಲೆಲ್ಲ ನಡೆದಿವೆ. ಅವುಗಳಲ್ಲಿ ಒಂದು ನನ್ನ ತಟ್ಟೆಯಲ್ಲಿ ಜಾಗ ಹಿಡಿದು ಬೆಳೆದಿದೆ. ವರದಿ ಓದುವಾಗ ದೊಡ್ಡ ಮೇಡಂ ನನ್ನ ಭುಜ ಹಿಡಿದು ಕೂರಿಸಿದರು.

ಕೆಳಗೆ ಬಾಟಲಿ ತೊಳೆಯುವ ಕೋಣೆಗೆ ಹೋಗಿ ಗಡಿಬಿಡಿಯ ಮುಂದೆ ನಿಂತೆ. ನಾನು ನಿಮಗೆ ಅನ್ಯಾಯ ಮಾಡಿದೆ, ಕ್ಷಮಿಸಿ ಎಂದೆ. ಅವರು ಸೋಪಿನ ಕೈಯನ್ನು ಅಂಗಿಗೆ ಒರೆಸಿಕೊಂಡು ಕೇಳಿದ್ದು ಒಂದೇ, "ಹನ್ನೊಂದನೇ ತಟ್ಟೆಗೆ ಇವತ್ತು ಊಟ ಹಾಕಿದ್ರಾ ಮೇಡಂ?" ನಾನು ಮರೆತಿದ್ದೆ. ಅವರು ಮೆಟ್ಟಿಲು ಹಾರಿಕೊಂಡು ಮೇಲೆ ಓಡಿದರು. ಈಗ ಮತ್ತೆ ಅವರೇ ನೋಡಿಕೊಳ್ಳುತ್ತಿದ್ದಾರೆ. ವಿಚಾರಣೆ ರದ್ದಾಗಿದೆ.

ಇನ್ನೊಂದು ಹೇಳಬೇಕು. ಆ ಕೋಶಗಳಿಗೆ ವಯಸ್ಸಾಗಿದೆ. ಈಗ ಹೊಸದಾಗಿ ಒಡೆದು ಬೆಳೆಯುತ್ತಿಲ್ಲ. ಬೆಚ್ಚಗಿಟ್ಟರೆ ಇನ್ನು ಕೆಲವು ವಾರ ಇರುತ್ತವೆ, ಆಮೇಲೆ ತಣ್ಣಗೆ ಮಾಡಿ ಬಿಟ್ಟುಬಿಡಬೇಕು. ಅವು ನಿನ್ನವು. ನೀನು ಹೇಳಿದ ಹಾಗೆ ಮಾಡುತ್ತೇನೆ.

ಅಪ್ಪನಿಗೆ ಗೊತ್ತಿತ್ತಾ, ಅಮ್ಮಾ?

ಪುಟ್ಟಿ


ಸೆಪ್ಟೆಂಬರ್ 3

ಪುಟ್ಟೀ,

ಕೇಳಿದೆ. ನಿನ್ನ ಕಾಗದವನ್ನು ಅವರ ಮುಂದೆ ಇಟ್ಟು, ಇದು ನಿಜವೇ ಎಂದು ಕೇಳಿದೆ. ಓದಿದರು. ಕನ್ನಡಕ ತೆಗೆದು ಮಡಚಿದರು. ಏನೋ ಹೇಳಲು ಬಾಯಿ ತೆರೆದರು, ನನಗೆ ಕೇಳಿಸಲಿಲ್ಲ. ಜೋರಾಗಿ ಹೇಳಿ ಎಂದೆ. ಜೋರಾಗಿ ಹೇಳಲು ಅವರಿಂದ ಆಗಲಿಲ್ಲ. ಎದ್ದು ಹೋಗಿ ಅಂಗಳದ ಗೋಡೆಗೆ ಮುಖ ಮಾಡಿ ನಿಂತರು. ನಾನು ಸೀಟಿ ಊದಲಿಲ್ಲ.

ನಿನ್ನೆ ಒಲೆಯ ಮೇಲೆ ಹಾಲಿಟ್ಟು ಮರೆತು ಪಾತ್ರೆಯೇ ಸೀದುಹೋಯಿತು. ನಾನು ಇಷ್ಟು ವರ್ಷ ಅತ್ತದ್ದು ಯಾರಿಗೆ? ಇಲ್ಲದ ಹುಡುಗಿಗೆ ಚಿನ್ನಿ ಎಂದು ಹೆಸರಿಟ್ಟು ಮಾತಾಡಿಸಿದೆ. ನನ್ನ ಮಗ ನನ್ನ ಮೂಳೆಯೊಳಗೇ ಕೂತು ಇದನ್ನೆಲ್ಲ ಕೇಳಿಸಿಕೊಂಡನಾ? ಒಂದು ಸಲ, ಒಂದೇ ಒಂದು ಸಲ ಅವನನ್ನು ಮಗನೇ ಎಂದಿಲ್ಲ. ಹೀಗಾದರೆ ನೀನು ಯಾರು? ತಿರುಗಿ ಬಂದವಳು ಎಂದುಕೊಂಡಿದ್ದೆನಲ್ಲ, ಹೋದವಳೇ ಇಲ್ಲದ ಮೇಲೆ ಬಂದವಳು ಯಾರು?

ಇದನ್ನು ಓದಿ ನೊಂದುಕೊಳ್ಳಬೇಡ. ತಲೆ ಕೆಟ್ಟಿದೆ. ಬೇರೆ ಯಾರ ಹತ್ತಿರ ಹೇಳಲಿ.

ಆ ತಟ್ಟೆಯನ್ನು ಬೆಚ್ಚಗಿಟ್ಟಿರು. ಯಾರೂ ಮುಟ್ಟಬಾರದು. ಗಡಿಬಿಡಿ ಮುಟ್ಟಲಿ.

ಅಮ್ಮ


ಸೆಪ್ಟೆಂಬರ್ 10

ಕಂಡಕ್ಟರಮ್ಮನಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಿದ್ದೇನೆ. ನಗಬೇಡ. ನಿನಗೆ ಕೇಳಿಸಬೇಕಾದರೆ ಕೂಗಬೇಕು. ಇದನ್ನು ಕೂಗಿ ಹೇಳಲು ನನ್ನಿಂದ ಆಗುವುದಿಲ್ಲ. ನನಗೆ ಬರವಣಿಗೆ ಬರುವುದಿಲ್ಲ, ನಿನಗೇ ಗೊತ್ತು. ಇದನ್ನು ನಿನ್ನ ಟೀ ಲೋಟದ ಕೆಳಗೆ ಇಟ್ಟು ನಾನು ಹೊರಗೆ ಹೋಗಿರುತ್ತೇನೆ.

ಗಂಡುಮಗು. ನರ್ಸು ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟಳು. ತಲೆ ತುಂಬ ಕೂದಲು. ನಿನ್ನ ಹಾಗೆ ಗಲ್ಲದಲ್ಲಿ ಗುಳಿ. ಮಲಗಿದ ಹಾಗೇ ಇದ್ದ. ಅವಳಿಗೆ ಎಚ್ಚರವಾಗಲಿ, ಒಂದು ಸಲ ತೋರಿಸುತ್ತೇನೆ ಎಂದೆ. ಬೇಡಪ್ಪಾ, ನೋಡಿದರೆ ಆ ತಾಯಿ ತಡೆದುಕೊಳ್ಳಲ್ಲ, ಬೇಗ ತಗೊಂಡು ಹೋಗು ಎಂದರು. ಅಲ್ಲಿ ಎಲ್ಲರೂ ಅದನ್ನೇ ಹೇಳಿದರು. ನನಗೂ ಏನೂ ತೋಚಲಿಲ್ಲ.

ನಿನ್ನ ಚೀಲದಲ್ಲಿ ಆ ಅಂಗಿ ಇತ್ತು. ನಾನು ಅದನ್ನು ಯಾರ ಮಗುವಿಗೂ ಕೊಡಲಿಲ್ಲ. ಅವನಿಗೇ ಹಾಕಿದೆ. ತೋಳು ಉದ್ದವಾಯಿತು, ಮಡಚಿದೆ. ಗುಂಡಿಗಳನ್ನೆಲ್ಲ ಹಾಕಿದೆ. ಆಮೇಲೆ ಮಣ್ಣು ಮಾಡಿದೆ. ನೀನು ಅಂಗಿಗಾಗಿ ಬೈದೆಯಲ್ಲ, ಬೈದಷ್ಟೂ ನನಗೆ ಒಳ್ಳೆಯದೇ ಆಯಿತು.

ನಾನು ವಾಪಸು ಬಂದಾಗ ನೀನು ಕಣ್ಣು ಬಿಟ್ಟೆ. "ಎಲ್ರೀ ನನ್ನ ಮರಿ ಡ್ರೈವರ್?" ಎಂದೆ. ಮರಿ ಡ್ರೈವರ್ ಹೋದ ಎನ್ನಲು ನಾಲಿಗೆ ಏಳಲಿಲ್ಲ. ಹೆಣ್ಣು ಎಂದುಬಿಟ್ಟೆ. ನರ್ಸಿಗೂ ಹಾಗೇ ಹೇಳಮ್ಮಾ ಎಂದು ಕೈಮುಗಿದೆ. ನೀನು ಕಾದಿದ್ದ ಮಗು ಅದಲ್ಲ ಎಂದರೆ ನೋವು ಸ್ವಲ್ಪ ಕಡಿಮೆಯಾಗುತ್ತದೆ ಎಂದುಕೊಂಡೆ. ಎಂಥ ದಡ್ಡ ನಾನು. ಹೆಣ್ಣಾದರೆ ನಿನಗೆ ನೋವಾಗುವುದಿಲ್ಲ ಎಂದುಕೊಂಡೆನಲ್ಲ.

ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಿರುವಾಗಲೇ ಪುಟ್ಟಿ ಹುಟ್ಟಿದಳು. "ನೋಡಿ, ಅವಳೇ ಬಂದಳು" ಎಂದು ನೀನು ನಕ್ಕೆ. ಆ ಹೆರಿಗೆಯಾದ ಮೇಲೆ ನೀನು ನಕ್ಕದ್ದು ಅದೇ ಮೊದಲು. ಆ ನಗು ನೋಡಿದ ಮೇಲೆ ಹೇಗೆ ಹೇಳಲಿ. ನಿನಗೆ ಅಳಲು ಒಬ್ಬಳು ಮಗಳಾದರೂ ಇದ್ದಳು. ನನ್ನ ಮಗನಿಗೆ ನಾನೊಬ್ಬನೇ ಆದೆ. ಆ ದಾರಿಯ ಡ್ಯೂಟಿ ಬಿದ್ದಾಗ ಸ್ಮಶಾನದ ತಿರುವಿನಲ್ಲಿ ಗಾಡಿ ನಿಧಾನ ಮಾಡುತ್ತಿದ್ದೆ. ಯಾಕ್ರೀ ಇಲ್ಲಿ ಸ್ಟಾಪ್ ಇಲ್ವಲ್ಲ ಎಂದು ನೀನು ಹಿಂದಿನಿಂದ ಕೂಗುತ್ತಿದ್ದೆ.

ನಿನ್ನ ಎರಡು ಸೀಟಿ ಕೇಳದೆ ನಾನು ಯಾವತ್ತೂ ಗಾಡಿ ಎತ್ತಿದವನಲ್ಲ. ಆ ದಿನ ಒಂದೇ ದಿನ, ನೀನು ಕಣ್ಣು ಬಿಡುವವರೆಗೂ ಕಾಯದೆ ಹೊರಟುಬಿಟ್ಟೆ.

ಡ್ರೈವರ್


ಸೆಪ್ಟೆಂಬರ್ 14

ಪುಟ್ಟೀ,

ಇದರ ಜೊತೆ ನಿಮ್ಮಪ್ಪನ ಕಾಗದ ಇಟ್ಟಿದ್ದೇನೆ. ಓದಿ ಜೋಪಾನವಾಗಿ ವಾಪಸು ಕೊಡು. ಅವರು ಜೀವನದಲ್ಲಿ ಬರೆದ ಕಾಗದ ಅದೊಂದೇ.

ಓದಿದ ದಿನ ನಾನು ಅವರನ್ನು ಮಾತಾಡಿಸಲಿಲ್ಲ. ಮಾರನೇ ದಿನವೂ ಇಲ್ಲ. ಕೋಪ ಇಳಿದಿದೆ ಎಂದು ತಿಳಿಯಬೇಡ, ಅದು ಇದ್ದೇ ಇದೆ, ನಾನು ಸಾಯುವವರೆಗೂ ಸ್ವಲ್ಪ ಇರುತ್ತದೆ. ನನ್ನ ಮಗನ ಮುಖವನ್ನು ನನ್ನಿಂದ ಮುಚ್ಚಿಟ್ಟರಲ್ಲ ಎಂದು ಅವರ ಬೆನ್ನಿಗೆ ಗುದ್ದಿದೆ. ಸುಮ್ಮನೆ ಗುದ್ದಿಸಿಕೊಂಡರು. ಆಮೇಲೆ ಗುಂಡಿಗಳನ್ನೆಲ್ಲ ಹಾಕಿದಿರಾ ಎಂದು ಕೇಳಿದೆ. ತಲೆಯಾಡಿಸಿದರು. ಆಗ ಇಬ್ಬರೂ ಕೂತು ಅತ್ತೆವು. ಅವನಿಗಾಗಿ ನಾವು ಒಟ್ಟಿಗೆ ಅತ್ತದ್ದು ಇದೇ ಮೊದಲು.

ಹಿಂದಿನ ಕಾಗದದಲ್ಲಿ ನೀನು ಯಾರು ಎಂದು ಕೇಳಿದ್ದೆ. ಅದಕ್ಕೆ ಉತ್ತರ ಈಗ ಹೇಳುತ್ತೇನೆ, ಮನಸ್ಸಿಗೆ ಹಾಕಿಕೊ. ನೀನು ಯಾರ ಬದಲಿಗೂ ಬಂದವಳಲ್ಲ. ನಿನ್ನ ಟಿಕೆಟ್ಟು ನಿನ್ನದೇ, ನಿನ್ನ ಸೀಟೂ ನಿನ್ನದೇ. ನಿನ್ನನ್ನು ಇನ್ನೊಬ್ಬಳ ಹೆಸರಿನಿಂದ ಕರೆದೆನಲ್ಲ, ಅದನ್ನು ಹೊಟ್ಟೆಗೆ ಹಾಕಿಕೊ.

ಬರುವ ಶನಿವಾರ ಬೆಳಗಿನ ಬಸ್ಸಿಗೆ ನಾವಿಬ್ಬರೂ ಬರುತ್ತೇವೆ. ಟ್ಯಾಕ್ಸಿ ಬೇಡ ಎಂದೆ. ಗಡಿಬಿಡಿಯವರಿಗೆ ನನ್ನ ನಮಸ್ಕಾರ ಹೇಳು, ಅವರ ಕೈ ಮುಟ್ಟಿ ಮಾತಾಡಿಸಬೇಕು. ಆ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿರು. ಮೊದಲು ನಾನು ನೋಡುತ್ತೇನೆ. ಆಮೇಲೆ ಅವರು ನೋಡಲಿ, ಒಂದು ಸಲ ನೋಡಿದ್ದಾರಲ್ಲ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡುತ್ತೇವೆ, ಯಾರೂ ಅವಸರ ಮಾಡಬಾರದು.

ಬಿಟ್ಟುಕೊಡಬೇಕು ಎನ್ನುವುದು ನನಗೂ ತಿಳಿಯುತ್ತದೆ. ಕೆರೆದು ಕೀಳುವುದಿಲ್ಲ ಎಂದೆಯಲ್ಲ, ಅದು ಒಳ್ಳೆಯದು. ಸೀಟಿಯನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಲ್ಯಾಬಿನಲ್ಲಿ ಸದ್ದು ಮಾಡಬಾರದು ಎಂದರೆ ನಿಮ್ಮ ದೊಡ್ಡ ಮೇಡಂಗೆ ಈಗಲೇ ಹೇಳಿಡು. ನಾನು ಎರಡು ಸಲ ಊದಿದ ಮೇಲೆ ತಣ್ಣಗೆ ಮಾಡು. ಅದಕ್ಕೆ ಮೊದಲು ಯಾರೂ ಕದಲಬಾರದು.

ನಿಮ್ಮಿಬ್ಬರ ಅಮ್ಮ